ಕಪ್ಪು ಬಿಳುಪು ಸತ್ತವರಿಗಂತೆ

ಜನ ಕ್ಯಾಮರಾ ಮುಂದೆ ಬಂದು ಕೂತರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ನಾನು ಏನೂ ಮಾಡಬೇಕಾಗಿಲ್ಲ.

ಜಹೀರಾಬಾದಿನಲ್ಲಿ ನನ್ನದು ಸಣ್ಣ ಫೋಟೋ ಅಂಗಡಿ. ಮದುವೆ, ಹುಟ್ಟುಹಬ್ಬ ಬಿಟ್ಟಿದ್ದೇನೆ. ಮುಖ ಮಾತ್ರ ತೆಗೆಯುತ್ತೇನೆ, ಅದೂ ಕಪ್ಪು ಬಿಳುಪಿನಲ್ಲಿ. ಬಣ್ಣ ಇದ್ದರೆ ಜನ ಸೀರೆ ನೋಡುತ್ತಾರೆ. ಇಲ್ಲದಿದ್ದರೆ ಮುಖ ನೋಡುತ್ತಾರೆ. ಅಷ್ಟೇ ಕಾರಣ.

ಆದರೆ ನಮ್ಮ ಕಡೆ ಇದಕ್ಕೊಂದು ತೊಡಕಿದೆ. ಗೋಡೆಯ ಮೇಲೆ ದೊಡ್ಡ ಕಪ್ಪು ಬಿಳುಪು ಫೋಟೋ ಇದ್ದರೆ ಆ ಮನುಷ್ಯ ಈಗ ಇಲ್ಲ ಎಂದು ಅರ್ಥ. ಅಜ್ಜ ಮುತ್ತಜ್ಜರೆಲ್ಲ ಹಾಗೇ ತಾನೇ ಇರುವುದು.

ನನ್ನ ಹೆಂಡತಿಯೂ ಹಾಗೇ ತಿಳಿದವಳು. ಅವಳ ಲಿವರ್ ಕೆಟ್ಟಿತು. ಹೈದರಾಬಾದಿನ ಡಾಕ್ಟರು, ಇನ್ನು ಮನೆಗೆ ಕರಕೊಂಡು ಹೋಗಿ ಎಂದರು. ಯಾಕೆ ಎಂದು ನಾವಿಬ್ಬರೂ ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಯೋಚಿಸಿದೆ: ಅವಳ ಒಂದು ಒಳ್ಳೆಯ ಫೋಟೋ ನನಗೆ ಬೇಕು.

"ಒಂದು ಫೋಟೋ ತೆಗೀತೀನಿ, ಕೂಡು," ಎಂದೆ.

"ಬಣ್ಣದ್ದೋ, ಕರೇದೋ?"

"ಕಪ್ಪು ಬಿಳುಪು."

"ನಾ ಇನ್ನಾ ಅದೀನ್ರಿ," ಎಂದಳು.

ಅವಳ ಮುಖ, ಕಣ್ಣು ಎಲ್ಲ ಹಳದಿಯಾಗಿದ್ದವು. ಬಣ್ಣದಲ್ಲಿ ತೆಗೆದರೆ ರೋಗ ಕಾಣುತ್ತದೆ, ಅವಳು ಕಾಣುವುದಿಲ್ಲ. ನಾನು ಹೇಳದೆಯೇ ಅವಳಿಗೆ ತಿಳಿಯಿತು.

"ಬಣ್ಣದಾಗೇ ತೆಗೀರಿ. ಅರಿಶಿಣ ಹಚ್ಚಿದ ಮದಿಮಗಳು ಅಂತಾರ ಮಂದಿ."

ನಗೆಯ ಮಾತು. ಅವಳು ಮಾತ್ರ ನಗಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಗುವುದನ್ನೇ ಬಿಟ್ಟಿದ್ದಳು. ಸಂಜೆ ಅಂಗಡಿ ಮುಚ್ಚಿ ಹೋದರೆ, "ಇವತ್ತು ಏನೇನಾತು ಹೇಳ್ರಿ," ಎನ್ನುತ್ತಿದ್ದಳು. ಮಾತಾಡುವುದು ನನಗೆ ಕಷ್ಟ. ಆದರೂ ಹೇಳುತ್ತಿದ್ದೆ.

ನಡುವೆ ಒಂದು ಕುರಿ

ನಾರಾಯಣಖೇಡದ ಆಚೆ, ಕಲ್ಹೇರ್ ಕಡೆಯಿಂದ ಕುರಿ ಸಾಕುವ ಗಂಡ ಹೆಂಡತಿ ಬಂದರು. ಸಂತೆಯಲ್ಲಿ ಕೊಂಡ ಕರಿ ಕುರಿಮರಿ ಅವನ ಕಂಕುಳಲ್ಲಿತ್ತು. ಹೆಂಡತಿಗೆ ಕಣ್ಣು ಮಂಜಾಗುತ್ತಿತ್ತು. ಪೂರಾ ಹೋಗುವ ಮೊದಲು ಗಂಡನ ಜೊತೆ ಒಂದು ಫೋಟೋ ನೋಡಬೇಕೆಂದು ಹಟ ಹಿಡಿದಿದ್ದಳಂತೆ. ಮಂಜುಗಣ್ಣಿಗೆ ಕಪ್ಪು ಬಿಳುಪೇ ಒಳ್ಳೆಯದು, ಚೆನ್ನಾಗಿ ಎದ್ದು ಕಾಣುತ್ತದೆ ಎಂದು ಒಪ್ಪಿಸಿದೆ.

ಇಬ್ಬರೂ ಬೆಂಚಿನ ಎರಡು ತುದಿಗೆ ಕೂತರು.

"ಹತ್ತಿರ ಕೂಡ್ರಿ. ಭುಜ ತಾಗಬೇಕು," ಎಂದೆ.

"ಲಗ್ನದಾಗ ಭೀ ತಾಗಿಲ್ರಿ," ಎಂದಳು ಅವಳು. "ಈಗ ನಿಮ್ಮ ಮುಂದ ತಾಗಸೋದೇನು?"

ಗಂಡ ನಾಚಿ ಕುರಿಮರಿಯನ್ನು ನಡುವೆ ಕೂಡಿಸಿಕೊಂಡ. ಹಾಗೇ ತೆಗೆದೆ.

ಫೋಟೋ ಕೈಗೆ ಕೊಟ್ಟಾಗ ಅವನು ಗಾಬರಿಯಾದ. "ನನ್ನ ಕೆಂಪು ರುಮಾಲು ಕರೇದು ಮಾಡೀರಲ್ರಿ!" ಹೆಂಡತಿ ಅದನ್ನು ಕಸಿದುಕೊಂಡು ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತು ನೋಡಿದಳು.

"ಕುರಿ ಗುರ್ತು ಸಿಕ್ತು. ಬಾಜೂಕ ಕುಂತದ್ದು ಭೀ ಕುರೀನೇ ಏನು?"

"ಅದು ನಾನು."

"ಹೌದೇನು? ಹಂಗಾದ್ರ ಫೋಟೋ ಖರೇನೇ ಬಂದದ."

ಮನೆಗೆ ಬಂದ ಪರಪುರುಷ

ತಾಂಡೂರಿನಲ್ಲಿ ಕಲ್ಲಿನ ವ್ಯಾಪಾರ ಮಾಡುವ ಅಣ್ಣ ತಮ್ಮ. ತೀರಿಹೋದ ತಂದೆಯ ಹಳೆ ಕಪ್ಪು ಬಿಳುಪು ಫೋಟೋ ತಂದು, ಬಣ್ಣ ಹಾಕಿಕೊಡಿ ಎಂದರು. ನಾನು ಒಲ್ಲೆ ಎಂದೆ. ಬೇರೆ ಯಾವುದೋ ಕಂಪ್ಯೂಟರ್ ಅಂಗಡಿಯಲ್ಲಿ ಹಾಕಿಸಿ, ಕಟ್ಟು ಹಾಕಿಸಲು ಮಾತ್ರ ನನ್ನ ಹತ್ತಿರ ತಂದರು. ಕೆನ್ನೆ ಗುಲಾಬಿ, ತುಟಿ ಕೆಂಪು, ಅಂಗಿ ಗಿಳಿ ಹಸಿರು. ಕಟ್ಟು ಹಾಕಿ ನಾನೇ ತಾಂಡೂರಿಗೆ ಒಯ್ದೆ.

ಮಕ್ಕಳು ಫೋಟೋವನ್ನು ಕುರ್ಚಿಯ ಮೇಲೆ ನಿಲ್ಲಿಸಿ ತಾಯಿಯನ್ನು ಕರೆದರು. ಮುದುಕಿ ಒಳಗಿನಿಂದ ಬಂದವಳು ಬಾಗಿಲಲ್ಲೇ ನಿಂತಳು. ಕುರ್ಚಿಯ ಕಡೆ ನೋಡಿ ತಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಯಾಕವ್ವ?" ಎಂದ ದೊಡ್ಡ ಮಗ.

"ಯಾರೋ ಹೊರಗಿನವರು ಕುಂತಾರಲ್ಲೋ, ಮೊದಲೇ ಹೇಳಬಾರದೇನು?" ಎಂದು ಪಿಸುಗುಟ್ಟಿದಳು. "ಚಾ ಕೊಟ್ಟು ಜಲ್ದಿ ಕಳಸ್ರಿ. ನಿಮ್ಮಪ್ಪ ಇಲ್ಲದ ಮನಿ ಇದು."

ದೃಷ್ಟಿಬೊಟ್ಟು

ಇವರ ಊರು ಹೇಳುವುದಿಲ್ಲ. ವಿಭೂತಿ ಹಚ್ಚಿದ ಹಣೆ, ಮಾಸಲು ಬಿಳಿ ಸೀರೆ, ಕೈಯಲ್ಲಿ ಒಂದು ಚೀಲ. ಗಂಡ ಹೋಗಿ ಬಹಳ ವರ್ಷವಾಗಿತ್ತಂತೆ.

"ನೀವು ಕಪ್ಪು ಬಿಳಿ ತೆಗೀತೀರಂತಲ್ಲ, ಖರೇನೇನ್ರಿ?"

"ಹೌದ್ರಿ."

"ಅದರಾಗ ಹಸಿರು ಸೀರಿ ಹ್ಯಾಂಗ ಕಾಣ್ತದ?"

"ಬೂದಿ ಬಣ್ಣ."

"ಹಸಿರು ಬಳಿ?"

"ಅದೂ ಹಾಂಗೇ."

ಪರದೆಯ ಹಿಂದೆ ಹೋದರು. ಹೊರಗೆ ಬಂದಾಗ ನಾನು ಗುರುತು ಹಿಡಿಯಲಿಲ್ಲ. ಜರಿಯ ಹಸಿರು ಸೀರೆ, ಎರಡೂ ಕೈ ತುಂಬ ಬಳೆ, ಹಣೆಗೆ ಕುಂಕುಮ. ಮೊದಲ ಬಾಣಂತನದಲ್ಲಿ ಗಂಡ ತಂದುಕೊಟ್ಟ ಸೀರೆಯಂತೆ. ಅವನು ಹೋದ ದಿನದಿಂದ ಪೆಟ್ಟಿಗೆಯಲ್ಲೇ ಇತ್ತು.

"ಸೊಸೆ ನೋಡಿದ್ರ ಹಳೇ ಸೀರಿ ಅನ್ಕೋತಾಳ," ಎಂದರು. ಕುರ್ಚಿಯಲ್ಲಿ ಕೂತು ಬಳೆಗಳನ್ನು ಒಮ್ಮೆ ಸದ್ದು ಮಾಡಿಸಿ ಕೇಳಿದರು. ನಾನು ಕ್ಯಾಮರಾಕ್ಕೆ ಕಣ್ಣು ಹಚ್ಚಿದೆ.

"ಕುಂಕುಮ ಮುಚ್ಚಿಹೋಗಲ್ಲರಿ," ಎಂದೆ. "ಕರಿ ಬೊಟ್ಟು ಆಗಿ ಕಾಣ್ತದ. ಕೇಳಿದ್ರ ಏನು ಹೇಳ್ತೀರಿ?"

"ದೃಷ್ಟಿಬೊಟ್ಟು ಅಂತೀನಿ."

"ಈ ವಯಸ್ಸಿನಾಗ ಯಾರ ದೃಷ್ಟಿರಿ?"

"ಮತ್ತ ಆಗಿನಿಂದ ಒಂದ ಕಣ್ಣು ಮುಚ್ಚಿ ನನ್ನೇ ನೋಡಾಕತ್ತೀರಲ್ಲ, ನಿಮ್ಮದೇ!"

ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ನಗುತ್ತಾಳೆ ಎಂದುಕೊಂಡಿದ್ದೆ. ಸೂರು ನೋಡುತ್ತ ಮಲಗಿದ್ದಳು.

"ಆಕಿ ಹಸಿರು ಮುಚ್ಚಾಕ ಕಪ್ಪು ಬಿಳಿ ಕೇಳಿದಳು," ಎಂದಳು. "ನೀವು ನನ್ನ ಹಳದಿ ಮುಚ್ಚಾಕ ಕೇಳಾಕತ್ತೀರಿ. ಹೌದಲ್ರಿ?"

ನಾನು ಎದ್ದು ಅವಳ ಗುಳಿಗೆ ತಂದುಕೊಟ್ಟೆ.

ಬದುಕಿದ್ದವನ ಗೋಡೆ

ಅವಳ ಹೆದರಿಕೆ ಬಿಡಿಸಲು ಒಂದು ಉಪಾಯ ಮಾಡಿದೆ. ನನ್ನದೇ ಒಂದು ಕಪ್ಪು ಬಿಳುಪು ಫೋಟೋ ತೆಗೆದುಕೊಂಡು, ದೊಡ್ಡದು ಮಾಡಿಸಿ, ಪಡಸಾಲೆಯಲ್ಲಿ ಅವಳ ಮಂಚದ ಎದುರು ಗೋಡೆಗೆ ಹಾಕಿದೆ.

"ನೋಡು. ಏನಾತು? ಏನೂ ಆಗಲಿಲ್ಲ."

"ಇನ್ನಾ ನಾಕ ದಿನ ನೋಡ್ರಿ," ಎಂದಳು.

ಆ ವಾರವೇ ಪೆದ್ದೆಮುಲ್‌ನಿಂದ ಅವಳ ಚಿಕ್ಕಮ್ಮನ ಮಗಳು ಬಂದಳು. "ಆ ಮನ್ಯಾಗ ತಬ್ಯತ್ ಖರಾಬ್ ಅದ" ಎಂದಷ್ಟೇ ಯಾರೋ ಅವಳಿಗೆ ಹೇಳಿದ್ದರು. ಯಾರಿಗೆ ಹುಷಾರಿಲ್ಲ ಎಂದು ಹೇಳಿರಲಿಲ್ಲ. ನಾನು ಚಹಾ ಮಾಡಲು ಅಡಿಗೆಮನೆಯಲ್ಲಿದ್ದೆ. ಅವಳು ಹೊಸ್ತಿಲು ದಾಟಿದಳು. ಗೋಡೆಯ ಮೇಲೆ ನಾನು. ಮಂಚದ ಮೇಲೆ ಬಾಡಿದ ಅಕ್ಕ. ಚೀಲ ಅಲ್ಲೇ ಬಿಟ್ಟು ಅಕ್ಕನ ಕೊರಳಿಗೆ ಬಿದ್ದಳು.

"ಹೋದ್ರೇನೋ ನನ್ನ ಭಾವಾ! ಒಂದು ಮಾತು ಆಡದೇ ಹೋದ್ರೇನೋ!"

ನಾನು ಚಹಾದ ಎರಡು ಲೋಟ ಹಿಡಿದು ಬಾಗಿಲಿಗೆ ಬಂದೆ. ಅಳುವವರ ನಡುವೆ ಬಾಯಿ ಹಾಕಬಾರದೆಂದು ಅಲ್ಲೇ ನಿಂತೆ.

"ಮನಿಗಿ ಬಂದ್ರ 'ಬಾ' ಅಂತ ಭೀ ಅಂದವರಲ್ಲೋ! ನನ್ನ ಮಗಳ ಲಗ್ನದಾಗ ಉಂಡು ಹ್ಞೂಂ ಅನ್ನದೇ ಎದ್ದು ಹೋದವರೋ ಭಾವಾ! ಹಿಂಗ ಸುಮ್ಮ ಹೋಗ್ತೀರಂತ ಆವತ್ತೇ ತಿಳೀಬೇಕಿತ್ತೋ!"

ಅಳು ಬರಬರುತ್ತ ಬೈಗುಳವಾಗುತ್ತಿತ್ತು. ಇವಳು ತಂಗಿಯ ಬೆನ್ನು ತಟ್ಟಿದಳು.

"ತಂಗೀ, ಜರಾ ಹಿಂದ ಹೊಳ್ಳಿ ನೋಡು."

ಹೊಳ್ಳಿ ನೋಡಿದಳು. "ಅಯ್ಯಯ್ಯ! ಎಷ್ಟೊತ್ತಾತ್ರಿ ಬಂದು?"

"ಮೊದಲಿಂದ ಇಲ್ಲೇ ಅದೀನಿ," ಎಂದೆ.

"ಮತ್ತ ನಾ ಅದೀನಿ ಅಂತ ಹೇಳಾಕ ಏನಾಗಿತ್ರಿ?"

"ನೀ ಮುಗಿಸಲಿಲ್ಲ."

ಅವಳು ಕಣ್ಣೊರೆಸಿಕೊಂಡು ಅಕ್ಕನ ಕಡೆ ತಿರುಗಿದಳು. "ನಂದೇನು ತಪ್ಪದ ಅಕ್ಕ? ಗ್ವಾಡಿ ಮ್ಯಾಲಿದ್ರೂ ಇಷ್ಟೇ ಮಾತು, ನೆಲದ ಮ್ಯಾಲಿದ್ರೂ ಇಷ್ಟೇ ಮಾತು. ಇದ್ದಾರೋ ಹೋಗ್ಯಾರೋ, ಫರಕ ಹ್ಯಾಂಗ ತಿಳೀಬೇಕು?"

ಆಗ ಇವಳು ನಕ್ಕಳು. ಮೊದಲು ಭುಜ ಅಲುಗಿದವು. ಆಮೇಲೆ ಹೊಟ್ಟೆ ಹಿಡಿದುಕೊಂಡಳು. ನೋವಾಗುತ್ತದೆ, ಸಾಕು ಎಂದು ಕೈಯಾಡಿಸುತ್ತ ಮತ್ತೆ ನಕ್ಕಳು. ಕಣ್ಣಲ್ಲಿ ನೀರು ಬಂತು. ನಾನು ಲೋಟಗಳನ್ನು ನೆಲದ ಮೇಲಿಟ್ಟು, ಗೂಟದಲ್ಲಿದ್ದ ಕ್ಯಾಮರಾ ತೆಗೆದುಕೊಂಡು ಒತ್ತಿದೆ.

ಕ್ಯಾಮರಾದ ಹಿಂದಿನ ಸಣ್ಣ ಪರದೆಯಲ್ಲಿ ಅವಳಿಗೇ ತೋರಿಸಿದೆ. ಸುಕ್ಕು ಇದ್ದವು. ಸೊರಗಿದ ಕೊರಳು ಇತ್ತು. ಹಳದಿಯೊಂದು ಬಿಟ್ಟು ಯಾವುದೂ ಮುಚ್ಚಿರಲಿಲ್ಲ. ಬಾಯಿ ತುಂಬ ನಗುವವಳೊಬ್ಬಳು ಇದ್ದಳು.

"ಕಡೀಕೂ ಕಪ್ಪು ಬಿಳೀನೇ ತೆಗದ್ರಿ," ಎಂದಳು.

"ಹ್ಞೂಂ."

ಇನ್ನೊಮ್ಮೆ ನೋಡಿದಳು.

"ಇರಲಿ, ಇದೇ ದೊಡ್ಡದು ಮಾಡಸ್ರಿ. ಆದ್ರ ಒಂದು ಮಾತು. ನಾಳಿಗಿ ನಾ ಹೋದ ಮ್ಯಾಲ ಹಾರ ಸಣ್ಣದು ಹಾಕ್ರಿ. ಅದು ನನ್ನ ಬಾಯಿ ಮುಚ್ಚಿದ್ರ, ಮಾತಿಲ್ಲದ ನೀವೇ ಅನ್ಕೊಂಡು ಮಂದಿ ಅಳ್ತಾರ."

ಸಣ್ಣದನ್ನೇ ಹಾಕಿದ್ದೇನೆ.