ಕಸ ನೋಡಾಕ ಬಂದಾಕಿ

ಹುಲ್ಲು ನೋಡೋದನ್ನ ಉದ್ಯೋಗ ಮಾಡ್ಕೊಂಡ ಮ್ಯಾಲ ನಗೆಪಾಟಲಾಗಾಕ ಬ್ಯಾರೆ ಪ್ರಯತ್ನ ಬೇಕಾಗಂಗಿಲ್ಲ, ಮನಿ ಬಿಟ್ಟು ಹೊರಗ ಕಾಲಿಟ್ರ ಸಾಕು. ನಾನು ಲಿಂಗಸುಗೂರಿನಾಕಿ. ನೀರು ನಿಂತ ಜಾಗದಾಗ, ನೇಗಿಲು ಕಾಣದ ಹುಲ್ಲುಗಾವಲಿನ್ಯಾಗ ಯಾವ ಗಿಡ ಯಾವುದರ ಜೋಡಿ ಕೂಡಿ ಬೆಳೀತೈತಿ, ಯಾವುದು ಯಾವುದನ್ನ ಹತ್ರ ಸೇರಸಂಗಿಲ್ಲ ಅಂತ ನೋಡೋದು ನನ್ನ ಸಂಶೋಧನಿ. ನಮ್ಮವ್ವ ಇದನ್ನ ಕೇಳಿ, "ಅದು ನಮ್ಮ ಓಣ್ಯಾಗನೂ ಐತಲ್ಲ, ಗಿಡದ್ದು ಯಾಕ ಬೇಕು?" ಅಂದಿದ್ಲು.

ಜವಳು

ಕಾಲುವಿ ನೀರು ಬಸಿದು ಬಸಿದು ಬೆಳಿ ಬರಲಾರದಂಗ ಕೆಟ್ಟ ಹೊಲಕ್ಕ ನಮ್ಮ ಕಡೆ ಜವಳು ಅಂತಾರ. ರೈತರಿಗೆ ಅದು ಹಾಳು ಭೂಮಿ, ನನಗ ಬಂಗಾರ. ಜವಳಗೇರಾದಾಗ ಬಸ್ ಇಳಿದು, ಕಟ್ಟಿ ಮ್ಯಾಲ ಕುಂತಿದ್ದ ಒಬ್ಬ ಅಜ್ಜಿಗೆ ಕೇಳಿದೆ: "ಯವ್ವಾ, ಇಲ್ಲಿ ಜವಳು ಎಲ್ಲೈತಿ? ನೋಡಾಕ ಬಂದೀನಿ."

"ಈಗ ಬಂದ್ಯಾ? ಜವಳ ಮುಂಜಾನಿಗೇ ಮುಗೀತು. ಕೂಸು ಮಕ್ಕೊಂಡೈತಿ. ಮೊದಲ ಊಟ ಮಾಡ ಬಾ."

ಕೈ ಹಿಡಕೊಂಡು ಒಳಗ ಒಯ್ದೇ ಬಿಟ್ಲು. ತೊಟ್ಟಿಲದಾಗ ಕೂಸಿನ ತಲಿ ನುಣ್ಣಗ ಬೋಳಿಸಿದ್ರು. "ಅದಲ್ಲವ್ವ, ನಾ ಕೇಳಿದ್ದು ಕೆಟ್ಟ ನೆಲ" ಅಂತ ಹೇಳಾಕ ಬಾಯಿ ತೆಗದೆ, ಅಷ್ಟರಾಗ ಎಲಿಗೆ ಹೋಳಿಗಿ ಬಿತ್ತು. ತೆಗದ ಬಾಯಿ ಹೋಳಿಗಿಗೇ ಆತು.

ಹೊಂಟು ನಿಂತಾಗ ಅಜ್ಜಿ ಕೇಳಿದ್ಲು: "ನೀ ಕೂಸಿನ ತಾಯಿ ಕಡಿಯಾಕ್ಯೋ, ತಂದಿ ಕಡಿಯಾಕ್ಯೋ?"

"ಹುಲ್ಲಿನ ಕಡಿಯಾಕಿ" ಅಂದೆ.

"ಹಂಗಾರ ದೂರದ ಸಂಬಂಧ" ಅಂತ ಕುಂಕುಮ ಹಚ್ಚಿ ಕಳಿಸಿದ್ಲು.

ಕಿಡಕಿ

ಹುಲ್ಲುಗಾವಲಿನ್ಯಾಗ ಒಂದು ಕಬ್ಬಿಣದ ಚೌಕಟ್ಟು ನೆಲಕ್ಕಿಟ್ಟು, ಅದರೊಳಗ ಬಂದ ಗಿಡ ಅಷ್ಟೇ ನೋಡೋದು ನಮ್ಮ ಪದ್ಧತಿ. ಪಾಮನಕಲ್ಲೂರಿನ ಬಯಲಿನ್ಯಾಗ ಹಂಗ ಬಗ್ಗಿ ಕುಂತಿದ್ದೆ. ಕುರಿ ಮೇಸೋ ಕಾಕಾ ಒಬ್ಬ ಬಂದು ನಿಂತ.

"ಏನವ್ವ, ಮನಿ ಇಲ್ಲದಲ್ಲಿ ಕಿಡಕಿ ಇಟ್ಟೀಯಲ್ಲ?"

"ಕಿಡಕಿ ಅಲ್ಲೋ ಕಾಕಾ. ಇದರೊಳಗಿಂದ ನೋಡ್ತೀನಿ."

"ಕಿಡಕಿ ಇರೋದೂ ಅದಕ್ಕ ಅಲ್ಲೇನು?"

ಅಷ್ಟರಾಗ ಅವನ ಕುರಿಯೊಂದು ಚೌಕಟ್ಟಿನೊಳಗ ಮುಸುಡಿ ಇಟ್ಟು, ನಾ ನೋಡಬೇಕಾದ್ದನ್ನ ತಿಂದು ಮುಗಿಸಿತು. ಕಾಕಾಗ ಖುಷಿ ಆತು. "ಇಷ್ಟಗಲ ಬಯಲೈತಿ, ಅದು ನೀ ಆರಿಸಿದ್ದನ್ನ ತಿಂತು ನೋಡು. ಒಳ್ಳೆ ಹುಲ್ಲು ಯಾವುದಂತ ನಿನಗ ಚಲೋ ತಿಳಿತೈತವ್ವ" ಅಂದ.

ಕಸ

ಬಿತ್ತಿದ್ದಕ್ಕ ನಾವು ಬೆಳಿ ಅಂತೀವಿ, ತಾನಾಗಿ ಬಂದದ್ದಕ್ಕ ಕಸ ಅಂತೀವಿ. ಅಂಗಳದಾಗ ಗುಡಿಸೋದೂ ಕಸ, ಹೊಲದಾಗ ಕೀಳೋದೂ ಕಸ. ಕರೀದೇ ಬಂದವರಿಗೆ ನಮ್ಮ ಮಾತಿನ್ಯಾಗ ಇಷ್ಟೇ ಮರ್ಯಾದಿ. ನನಗ ಇದು ಸರಿ ಅನಸಂಗಿಲ್ಲ. ಆದ್ರ ಊರಾಗ ಮಾತಾಡುವಾಗ ನಾನೂ ಕಸ ಅಂತೀನಿ, ಇಲ್ಲಂದ್ರ ಯಾರಿಗೂ ತಿಳಿಯಂಗಿಲ್ಲ.

ದಢೇಸುಗೂರಿನ್ಯಾಗ ಒಬ್ರು ಗೌಡಶಾನಿ, ತಮ್ಮ ನೆಲ್ಲಿನ ಗದ್ದಿ ಮೂಲ್ಯಾಗಿನ ತೇವದ ತುಂಡೊಂದನ್ನ ನನಗ ಬಿಟ್ಟುಕೊಟ್ಟಿದ್ರು. ಸುತ್ತ ಗೂಟ ಹೊಡದು ಹಗ್ಗ ಕಟ್ಟಿದ್ದೆ. ಅದರಾಗೊಂದು ಜೇಕು, ಅಂದ್ರ ತೇವದಾಗ ಬೆಳಿಯೋ ಹುಲ್ಲಿನಂಥ ಗಿಡ, ನನ್ನ ಯಾವ ಪುಸ್ತಕಕ್ಕೂ ಹೊಂದದಂಗ ಇತ್ತು. ಜೇಕಿನ ಜಾತಿ ಗುರುತು ಹಿಡೀಬೇಕಂದ್ರ ಹೂವು ಬರಬೇಕು, ಅದಕ್ಕ ಆಗಷ್ಟೇ ಹೂವು ಬರಾಕತ್ತಿತ್ತು. ನನ್ನ ಗೈಡ್ ಸರ್ ಬಂದು ಕಣ್ಣಾರೆ ನೋಡಿ ಹೂಂ ಅಂದ್ರ ಸಂಶೋಧನಿ ಮುಂದ, ಇಲ್ಲಂದ್ರ ನಾನು ಮನಿಗೆ. ಸರ್ ಮೈಸೂರು ಕಡೆಯವರು, ನಗೋ ಪೈಕಿ ಅಲ್ಲ.

ಹಿಂದಿನ ದಿನ ಗೌಡಶಾನಿಗೆ ಫೋನ್ ಹಚ್ಚಿದೆ. "ಅಮ್ಮಾರ, ನಾಳೆ ನಮ್ಮ ದೊಡ್ಡ ಸರ್ ಕಸ ನೋಡಾಕ ಬರ್ತಾರ. ಅದರ ಕಡೆ ಒಂಚೂರು ನಿಗಾ ಇರಲಿ."

"ಅದನ್ನ ನನಗ ಬಿಡು. ನೀ ಚಿಂತಿ ಮಾಡಬ್ಯಾಡ" ಅಂದ್ರು.

ಮರುದಿನ ಸರ್ ಜೋಡಿ ಹೋಗಿ ನೋಡಿದ್ರ ಗೂಟ ಅದಾವ, ಹಗ್ಗ ಐತಿ, ಒಳಗ ಬರೇ ಕೆಸರು. ಜವಳ ತೆಗೆಸಿದ ಕೂಸಿನ ತಲಿ ಹಂಗ ನುಣ್ಣಗ ಆಗಿತ್ತು. ಬದುವಿನ ಮ್ಯಾಲ ಎಮ್ಮಿ ಮೆಲಕು ಹಾಕಾಕತ್ತಿತ್ತು. ನನ್ನ ಜೇಕು ಎಲ್ಲಿ ಹೋತು ಅಂತ ಯಾರನ್ನೂ ಕೇಳಬೇಕಾಗಲಿಲ್ಲ. ಅಳು ಬಂತು, ಸರ್ ಮುಂದ ಅತ್ತೂ ಬಿಟ್ಟೆ.

ಗೌಡಶಾನಿ ಸೆರಗು ಸರಿ ಮಾಡ್ಕೊಂಡು ಸರ್ ಹತ್ರ ಬಂದ್ರು. "ಸಾಹೇಬ್ರ, ಹುಡುಗಿಗೆ ಬೈಬ್ಯಾಡ್ರಿ. ಒಳ್ಳೇಕಿ ಅದಾಳ, ಆದ್ರ ಕಸ ತೆಗಿಯಾಕ ಬರಂಗಿಲ್ಲ. ಬಂದಾಗೊಮ್ಮೆ ಒಂದೊಂದು ಗಿಡ ಕಿತ್ತು ಪೇಪರ್‌ನ್ಯಾಗ ಸುತ್ಕೊಂಡು ಹೋಗ್ತಿದ್ಲು. ಹಿಂಗಾದ್ರ ಎಂದ ಮುಗೀಬೇಕ್ರಿ? ನೀವು ನೋಡಾಕ ಬರ್ತೀರಂತ ತಿಳಿದು, ಆಳುಮಂದಿ ಕರಕೊಂಡು ನಾನೇ ಮುಗಿಸಿಕೊಟ್ಟೀನಿ."

ಸರ್ ಕೆಸರು ನೋಡಿದ್ರು, ಎಮ್ಮಿ ನೋಡಿದ್ರು, ನನ್ನ ನೋಡಿದ್ರು. ಆಮ್ಯಾಲ ಗೂಟ ಹಿಡಕೊಂಡು ನಗಾಕ ಹತ್ತಿದ್ರು. ನಕ್ಕು ನಕ್ಕು ಕಣ್ಣೊರಸಿಕೊಂಡು, "ಅಳಬೇಡಮ್ಮ. ಮೇಲಿಂದು ಹೋದರೂ ಗಡ್ಡೆ ನೆಲದಲ್ಲಿ ಉಳಿದಿರುತ್ತೆ. ಹೀಗೆ ಕಿತ್ತ ಮೇಲೆ ಯಾವುದು ಮೊದಲು ಏಳುತ್ತೆ, ಯಾವುದರ ಜೊತೆ ಏಳುತ್ತೆ ಅಂತ ನೋಡು. ಕೆಲಸ ಮುಂದುವರಿಸು" ಅಂದ್ರು.

ನನಗ ಹೋದ ಜೀವ ಬಂದಂಗಾತು. ಕಣ್ಣಾಗ ಇನ್ನೂ ನೀರಿತ್ತು, ಹಂಗೇ ಹೋಗಿ ಗೌಡಶಾನಿಗೆ ಹೇಳಿದೆ: "ಅಮ್ಮಾರ, ಅದು ಮತ್ತ ಬರ್ತೈತಂತ."

ಅವ್ರು ನನ್ನ ಹತ್ರ ಎಳಕೊಂಡು, ಬೆನ್ನ ಮ್ಯಾಲ ಕೈಯಾಡಿಸಿ ಸಮಾಧಾನ ಮಾಡಿದ್ರು. "ಬರಲಿ ಬಿಡವ್ವ, ಅದಕ್ಯಾಕ ಅಳ್ತಿ? ಎಷ್ಟು ಸಲ ಬಂದ್ರೂ ಕೀಳಾಕ ನಾವದೀವಿ."