ಬಿರುಕಿನ ಮೇಲಿನ ಗಾಜು

ಈ ಸಲ ಆ ಹೊಲಿಗೆ ಮೆಷಿನ್ನನ್ನು ಮನೆಯಿಂದ ಸಾಗಹಾಕಿಯೇ ಸೈ ಎಂದು ಬಿರುಕು ಸಾಹೇಬರು ಮೀಸೆಯ ಮೇಲೆ ಕೈಯಿಟ್ಟು ಶಪಥ ಮಾಡಿದರು. ಊರಿನ ಇಟ್ಟಿಗೆ ಕಟ್ಟಡಗಳನ್ನೆಲ್ಲ ತಪಾಸಣೆ ಮಾಡಿ, ಗಾರೆ ಉದುರಿದಲ್ಲಿ ಬೆರಳು ತೂರಿಸಿ, ಮಾಲೀಕರ ಬೆವರಿಳಿಸುವ ಇನ್ಸ್‌ಪೆಕ್ಟರು ಅವರು. 'ಬಿರುಕು ಸಾಹೇಬರು' ಎಂಬುದು ಕಚೇರಿಯವರು ಇಟ್ಟ ಹೆಸರು. ಅಂಥವರ ಸ್ವಂತ ಮನೆಯಲ್ಲೇ, ಮುಂಬಾಗಿಲಿನ ಮೂಲೆಯಿಂದ ಮೇಲಕ್ಕೆ ಬಿರುಕೊಂದು ಬಿಟ್ಟಿತ್ತು. ಮೈ ಉರಿಯದೆ ಇರುತ್ತದೆಯೇ?

ಅಪರಾಧಿ ಯಾರೆಂಬುದು ಅವರಿಗೆ ನೋಡಿದ ಕೂಡಲೇ ಗೊತ್ತಾಗಿಹೋಯಿತು. ಗೋಡೆಯ ಆಚೆ ಬದಿಯ ಕೋಣೆಯಲ್ಲಿ ಹೆಂಡತಿಯ ಮೋಟಾರು ಮೆಷಿನ್ನು ದಿನವಿಡೀ ಗಡಗಡ ಎನ್ನುತ್ತಿತ್ತು. ಅದರಿಂದಲೇ ಆಕೆ ಬೀದಿಗೆಲ್ಲ ಬಟ್ಟೆ ಹೊಲಿದು ನಾಲ್ಕು ಜನರ ನಡುವೆ ಹೆಸರು ಮಾಡಿದ್ದಳು. ಅದಿಲ್ಲದಿದ್ದರೆ ಆಕೆಗೆ ಕೈಕಾಲೇ ಇಲ್ಲ. ಇಟ್ಟಿಗೆ ಅದುರಿ ಗಾರೆ ಸಡಿಲವಾಗಿದೆ, ಅದನ್ನು ಗುಜರಿಗೆ ಹಾಕು ಎಂದು ಸಾಹೇಬರು ಹಾರಾಡಿದರು.

ಆಕೆ ಕತ್ತರಿ ಕೆಳಗಿಡಲಿಲ್ಲ. "ಅದರಿಂದಲೇ ಅಂತ ತೋರಿಸಿಕೊಡಿ. ಬಿರುಕು ಬಿಡಿಸಿದ್ದು ಯಾವುದೇ ಇರಲಿ, ನಾನೇ ಹೊರಗೆ ಹಾಕ್ತೀನಿ."

ತೋರಿಸಿಕೊಡುವುದೇ ಅವರ ಕಸುಬು! ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಎರಡೂ ತುದಿಗೆ ಗಾರೆ ಮೆತ್ತಿ ಅಂಟಿಸಿದರು. ಗೋಡೆ ಚೂರು ಅಲುಗಿದರೂ ಗಾಜು ಮುರಿಯುತ್ತದೆ. "ಮನುಷ್ಯರು ಸುಳ್ಳು ಹೇಳ್ತಾರೆ, ಗೋಡೆ ಹೇಳಲ್ಲ" ಎಂದು ಹೆಂಡತಿಗೊಂದು ಭಾಷಣ ಬೇರೆ ಬಿಗಿದರು.

ಬೆಳಿಗ್ಗೆ ಗಾರೆ ಒಣಗಿತ್ತು, ಗಾಜು ನೆಟ್ಟಗಿತ್ತು. ಕಾಲುಚೀಲದ ಜೋಡಿ ಸಿಗದ ಸಿಟ್ಟಿಗೆ ಮನೆಯವರನ್ನೆಲ್ಲ ಬೈದು, ಬಾಗಿಲು ಎಳೆದುಕೊಂಡು ಕಚೇರಿಗೆ ಹೋದರು. ಸಂಜೆ ಬಂದು ನೋಡಿದರೆ ಗಾಜು ಎರಡು ಹೋಳು. ಸಾಹೇಬರಿಗೆ ಸಂತೋಷವೋ ಸಂತೋಷ, ಆದರೆ ಅದನ್ನೂ ಅವರು ಸಿಟ್ಟಿನಲ್ಲೇ ಹೇಳಿದರು. ಗುಜರಿಯವನಿಗೆ ಬರಹೇಳುತ್ತೇನೆ ಎಂದು ಅಬ್ಬರಿಸಿದರು.

"ಬೆಲ್ಟ್ ಹರಿದು ನಿನ್ನೆಯಿಂದ ಮೆಷಿನ್ ಓಡೇ ಇಲ್ಲ" ಎಂದಳು ಹೆಂಡತಿ.

ಹಾಗಿದ್ದರೆ ನೀನೇ ಒಡೆದಿದ್ದೀಯ ಎಂದುಬಿಟ್ಟರು ಸಾಹೇಬರು. ಆಗ ಆಕೆಗೂ ಕೆಂಡದಂಥ ಕೋಪ ಬಂತು. ಇಷ್ಟು ವರ್ಷ ಜೊತೆಗಿದ್ದು ಮೋಸಗಾತಿ ಅನ್ನಿಸಿಕೊಳ್ಳಬೇಕೇ ಎಂದು ಮುಖ ತಿರುಗಿಸಿ ಒಳಗೆ ಹೋದಳು. ಸಾಹೇಬರು ಹಲ್ಲು ಕಡಿಯುತ್ತ ಇನ್ನೊಂದು ಗಾಜು ಅಂಟಿಸಿದರು.

ಮರುದಿನ ಹೊರಡುವ ಮುಂಚೆ ಗಾಜನ್ನು ಮುಟ್ಟಿ ನೋಡಿ, ಸರಿಯಾಗಿದೆಯೆಂದು ಹೆಂಡತಿಯಿಂದಲೇ ಒಪ್ಪಿಸಿಕೊಂಡರು. ಇದರ ಹತ್ತಿರ ಸುಳಿದರೆ ಜೋಕೆ ಎಂದು ಗುಡುಗಿ, ಗುಡುಗಿದ್ದು ಸಾಲದೆಂದು ಬಾಗಿಲನ್ನು ಧಡಾರನೆ ಬಡಿದು ಮೆಟ್ಟಿಲಿಳಿದರು.

ಒಳಗೆ ಟಿಣ್ ಎಂದಿತು.

ಸಾಹೇಬರ ಕಾಲು ನಿಂತಲ್ಲೇ ನಿಂತಿತು. ನಿಧಾನವಾಗಿ ಬಾಗಿಲು ತಳ್ಳಿ ನೋಡಿದರು. ಹೋಳಾದ ಗಾಜು ಗೋಡೆಯಲ್ಲಿ, ಸೊಂಟಕ್ಕೆ ಕೈಕೊಟ್ಟ ಹೆಂಡತಿ ಅಷ್ಟು ದೂರದಲ್ಲಿ. ವರ್ಷಾನುಗಟ್ಟಲೆ ಅವರು ಬಡಿದ ಬಡಿತಕ್ಕೆ ಚೌಕಟ್ಟೇ ಸಡಿಲವಾಗಿ ಗೋಡೆಯನ್ನು ಕುಲುಕುತ್ತಿತ್ತು. ಊರವರ ಬಾಗಿಲಿನ ಚೌಕಟ್ಟನ್ನೆಲ್ಲ ಅಲ್ಲಾಡಿಸಿ ನೋಡುವ ಮಹಾನುಭಾವರು ತಮ್ಮದನ್ನು ಮುಟ್ಟಿರಲಿಲ್ಲ.

"ಗೋಡೆ ಸುಳ್ಳು ಹೇಳಲ್ವಂತೆ" ಎಂದಳು ಆಕೆ. "ನಾನೂ ಮಾತು ಕೊಟ್ಟಿದ್ದೀನಿ. ಹೇಳಿ, ಹೊರಗೆ ಯಾರನ್ನ ಹಾಕ್ಲಿ?"

ಮೆಷಿನ್ನು ಉಳಿಯಿತು. ಹೊಸ ಬೆಲ್ಟು ಬಂದ ದಿನವೇ ಆಕೆ ಚಿಂದಿ ತುಂಬಿದ ಉದ್ದನೆಯ ದಿಂಬೊಂದನ್ನು ಹೊಲಿದು ಬಾಗಿಲಿನ ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಿದಳು. ಅದನ್ನು ಕಂಡು ಸಾಹೇಬರಿಗೆ ನೆತ್ತಿಗೇರಿದ ಸಿಟ್ಟು ಅಷ್ಟಿಷ್ಟಲ್ಲ. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಬಾಗಿಲು ಬಡಿದರು.

ಪುಸ್ ಎಂದಿತು.