ಗಾಜಿನ ತೊಟ್ಟಿಯ ಸತ್ಯವಂತ

ಗಣಿ ಕಂಪನಿಯ ಪ್ರಯೋಗಾಲಯದಲ್ಲಿ ಆ ದಿನ ನಡೆದ ರಾದ್ಧಾಂತಕ್ಕೆಲ್ಲ ಕಾರಣ ಬೆರಳುದ್ದದ ಇಪ್ಪತ್ತು ಮೀನುಗಳು. ಗಣಿಯ ನೀರನ್ನು ಕೆರೆಗೆ ಬಿಡುವ ಮೊದಲು ಅದರಲ್ಲಿ ಮೀನು ಬದುಕುತ್ತದೋ ಇಲ್ಲವೋ ನೋಡಬೇಕೆಂದು ಸರ್ಕಾರದ ನಿಯಮ. ಅದಕ್ಕೇ ಒಂದೇ ಥರದ ಎರಡು ಗಾಜಿನ ತೊಟ್ಟಿ. ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಗಣಿಯ ನೀರು, ಎರಡರಲ್ಲೂ ಹತ್ತತ್ತು ಮೀನು. ನಾಲ್ಕು ದಿನ ಅವನ್ನು ಕಾಯಬೇಕಾದವನು ನಮ್ಮ ಮೀನಣ್ಣ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಸಂಬಳದ ದಿನ ಮಾತ್ರ ಯಾರಿಗಾದರೂ ನೆನಪಾಗುತ್ತಿತ್ತು.

ವಿಷಕ್ಕೆ ಬಣ್ಣ ಇರಲೇಬೇಕೆಂದೇನೂ ಇಲ್ಲವಲ್ಲ, ಎರಡು ತೊಟ್ಟಿಯ ನೀರೂ ತಿಳಿಯಾಗಿಯೇ ಇತ್ತು. ಗುರುತಿಗೆಂದು 'ಶುದ್ಧ', 'ಗಣಿ' ಎಂದು ಚೀಟಿ ಬರೆದು ದಾರದಲ್ಲಿ ಕಟ್ಟಿದ್ದ. ಉಳಿದವರು ಅದನ್ನು ಓದಿಯೇ ತಿಳಿಯಬೇಕು. ಮೀನಣ್ಣನಿಗೆ ಮಾತ್ರ ಕಿಟಕಿ ಕಡೆಯದು ಗಣಿ ಎಂದು ಬಾಯಿಪಾಠ. ತಾನೇ ಬರೆದ ಚೀಟಿಯನ್ನು ಯಾರು ಓದುತ್ತಾ ಕೂರುತ್ತಾರೆ?

ಕೊನೆಯ ದಿನ ಬೆಳಗ್ಗೆ ಮ್ಯಾನೇಜರು ಕರೆಸಿದರು.

"ಸಂಜೆ ಇನ್‌ಸ್ಪೆಕ್ಟರ್ ಬರ್ತಾರೆ. ಗಣಿ ನೀರಲ್ಲಿ ಒಂದು ಮೀನೂ ಸಾಯ್ಬಾರದು."

"ಅದು ಮೀನಿನ ಕೈಲಿದೆ ಸರ್."

"ನಿನ್ನ ಕೆಲಸ ಕಾಯಂ ಮಾಡೋದು ನನ್ನ ಕೈಲಿದೆ. ಎಷ್ಟೋ ವರ್ಷದಿಂದ ಹಂಗಾಮಿ ಅಲ್ವಾ ನೀನು?"

ಮೀನಣ್ಣ ಓಡಿ ಬಂದು ನೋಡಿದ. ಇಪ್ಪತ್ತೂ ಈಜಾಡುತ್ತಿದ್ದವು. ಅಷ್ಟರಲ್ಲಿ ಹೆಂಡತಿಯ ಫೋನು. "ಕಾಯಂ ಆಯ್ತೇನ್ರೀ? ನಮ್ಮಮ್ಮನಿಗೆ ಆಗ್ಲೇ ಹೇಳ್ಬಿಟ್ಟಿದೀನಿ!"

ಆಫೀಸಿನವರಿಗೆ ಅಂದು ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಮೊದಲು ಲೆಕ್ಕದ ರಾಯರು ಬಂದು, "ನೀನು ಹೋಗಿ ಟೀ ಕುಡ್ದು ಬಾ, ಮೀನು ನಾನು ನೋಡ್ಕೋತೀನಿ" ಎಂದರು. ಮಧ್ಯಾಹ್ನ ಕ್ಯಾಂಟೀನ್ ಅಕ್ಕ ಬಂದು, "ಮುಖ ಬಾಡಿ ಹೋಗಿದೆಯಲ್ಲೋ, ಉಂಡು ಬಾ, ಇವನ್ನ ನಾನು ಕಾಯ್ತೀನಿ" ಎಂದಳು. ಆಮೇಲೆ ಸ್ವತಃ ಮ್ಯಾನೇಜರೇ ಬಂದು, ಅವನನ್ನು ಯಾವುದೋ ಫೈಲು ತರಲು ಕಳಿಸಿ, ವಾಪಸಾದಾಗ ಬೆನ್ನು ತಟ್ಟಿ ಹೋದರು. ಮೀನಣ್ಣನಿಗೆ ಇಂಥ ಜನರನ್ನು ತಾನು ಇಷ್ಟು ದಿನ ಬೈದುಕೊಂಡದ್ದು ತಪ್ಪು ಅನ್ನಿಸಿತು.

ಇನ್ನೇನು ಇನ್‌ಸ್ಪೆಕ್ಟರ್ ಬರಬೇಕು, ಕಿಟಕಿ ಕಡೆಯ ತೊಟ್ಟಿಯಲ್ಲಿ ಒಂದು ಮೀನು ಹೊಟ್ಟೆ ಮೇಲೆ ಮಾಡಿತು. ಹಿಂದೆಯೇ ಇನ್ನೊಂದು. ನೋಡನೋಡುತ್ತ ಹತ್ತೂ ತೇಲಿದವು.

ಮೀನಣ್ಣ ತನ್ನ ಸರ್ವಿಸಿನಲ್ಲಿ ಒಂದು ಅಂಕಿಯನ್ನೂ ತಿದ್ದಿದವನಲ್ಲ. ಆದರೆ ಅತ್ತೆಯ ಮುಖ ಕಣ್ಣ ಮುಂದೆ ಬಂತು. ಬಾಗಿಲು ಹಾಕಿದ. ಪಾಪ ಮಾಡುವುದನ್ನು ನೋಡಿದರೆ ತಾನೇ ಸಾಕ್ಷಿಯಾದೇನೆಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ತಡಕಾಡಿ ಎರಡೂ ಚೀಟಿ ಬಿಚ್ಚಿ, ಅದಲುಬದಲು ಮಾಡಿ ಕಟ್ಟಿದ. ಆಮೇಲೆ ಬಾಗಿಲು ತೆಗೆದು, ತೊಟ್ಟಿಗಳಿಗೆ ಬೆನ್ನು ಹಾಕಿ ನಿಂತ.

ಇನ್‌ಸ್ಪೆಕ್ಟರ್ ಬಂದರು. ಹಿಂದೆಯೇ ಆಫೀಸಿಗೆ ಆಫೀಸೇ ಬಂತು. ಇನ್‌ಸ್ಪೆಕ್ಟರ್ ಬಗ್ಗಿ, ಕನ್ನಡಕ ಏರಿಸಿ, ಚೀಟಿ ಓದಿದರು.

"ಗಣಿ. ಹತ್ತಕ್ಕೆ ಹತ್ತೂ ಸತ್ತಿವೆ."

ಮೀನಣ್ಣ ಗಕ್ಕನೆ ತಿರುಗಿದ. ಸತ್ತ ಮೀನುಗಳ ತೊಟ್ಟಿಯ ಮೇಲೆ ಅವನದೇ ಅಕ್ಷರದಲ್ಲಿ 'ಗಣಿ' ಎಂದಿತ್ತು. ಇನ್‌ಸ್ಪೆಕ್ಟರ್ ಅವನ ಕೈ ಹಿಡಿದುಕೊಂಡರು.

"ಎಷ್ಟೋ ಗಣಿ ನೋಡಿದೀನಿ ಕಣ್ರೀ, ಎಲ್ಲೂ ಒಂದು ಮೀನೂ ಸತ್ತಿದ್ದಿಲ್ಲ! ಸತ್ಯ ತೋರ್ಸೋ ಧೈರ್ಯ ಮಾಡಿದವ್ರು ನೀವೊಬ್ರೇ."

ಕೆರೆಗೆ ಹೋಗುವ ಪೈಪು ಮುಚ್ಚಲು ಆದೇಶ ಬರೆದು, ಅದರ ಕೆಳಗೇ ಮೀನಣ್ಣನ ಪ್ರಾಮಾಣಿಕತೆಯನ್ನು ನಾಲ್ಕು ಸಾಲು ಹೊಗಳಿ, ಮ್ಯಾನೇಜರ ಕೈಗೆ ಕೊಟ್ಟು ಹೋದರು.

ಜೀಪಿನ ಸದ್ದು ಅಡಗಿದ್ದೇ ತಡ, ಎಲ್ಲರೂ ತೊಟ್ಟಿಗಳನ್ನು ಮುತ್ತಿಕೊಂಡರು.

"ಬೆಳಗ್ಗೇನೇ ನಾನು ಚೀಟಿ ಬದಲಾಯಿಸಿದ್ನಲ್ಲ!" ಎಂದರು ಲೆಕ್ಕದ ರಾಯರು.

"ಅಯ್ಯೋ, ನೀವೂನಾ? ಮಧ್ಯಾಹ್ನ ನಾನೂ ಬದಲಾಯಿಸ್ದೆ!" ಎಂದಳು ಅಕ್ಕ.

"ಆಮೇಲೆ ನಾನೂ..." ಎಂದು ಮ್ಯಾನೇಜರು ಗೊಣಗಿದರು.

ರಾಯರು ಬೆರಳು ಮಡಿಚಿದರು. "ನಾನು ಮಾಡಿದ್ದು ಸರಿಯಾಗಿತ್ತು. ಅಕ್ಕ ಕೆಡಿಸಿದ್ರು. ಸಾಹೇಬ್ರು ಮತ್ತೆ ಸರಿ ಮಾಡಿದ್ರು. ಹಾಗಾದ್ರೆ ಕೊನೇಲಿ ಕೈ ಹಾಕಿದವನು ಯಾರು?"

ಎಲ್ಲರೂ ಮೀನಣ್ಣನ ಕಡೆ ತಿರುಗಿದರು.

"ಇಲ್ಲ ಸರ್! ದೇವರಾಣೆ, ನಾನೂ ಮೋಸ ಮಾಡೋಕೇ ಹೋಗಿದ್ದೆ!" ಎಂದು ಅವನು ಹೆಚ್ಚುಕಡಿಮೆ ಅತ್ತೇಬಿಟ್ಟ.

ಮ್ಯಾನೇಜರು ಇನ್‌ಸ್ಪೆಕ್ಟರ್ ಕೊಟ್ಟ ಹಾಳೆಯನ್ನು ಅವನ ಮೂಗಿನ ಮುಂದೆ ಹಿಡಿದರು.

"ಸುಳ್ಳು ಹೇಳ್ಬೇಡ. ನೀನು ಸತ್ಯವಂತ ಅಂತ ಸರ್ಕಾರವೇ ಬರೆದುಕೊಟ್ಟಿದೆ. ನಿನ್ನಂಥವನನ್ನ ಕಾಯಂ ಮಾಡಿದ್ರೆ ಕಂಪನಿ ಉಳಿಯುತ್ತೇನಯ್ಯ?"